ತಿರುವಿ ಓದುವ ಜಯಮಾಲಾ

ಅತನೂರಿನ ಜಯಮಾಲಾಳ ಕೈಗೆ ಏನನ್ನೇ ಕೊಡಿ, ಅವಳು ಮೊದಲು ಅದನ್ನು ತಿರುವಿ ಹಿಡಿಯುತ್ತಾಳೆ. ಬಿಸ್ಕೀಟಿನ ಪುಡಿಕೆಯಿರಲಿ, ಲಗ್ನಪತ್ರಿಕೆಯಿರಲಿ, ನಮ್ಮ ರೈತರು ಎಣ್ಣೆ ಎಂದೇ ಕರೆಯುವ ಕೀಟನಾಶಕದ ಬಾಟಲಿಯಿರಲಿ, ಮುಂಬದಿಯ ಬಣ್ಣದ ಚಿತ್ರವನ್ನಾಗಲಿ ದಪ್ಪಕ್ಷರದ ಹೆಸರನ್ನಾಗಲಿ ಕಡೆಗಣ್ಣಿನಿಂದಲೂ ನೋಡದೆ, ಹಿಂಬದಿಯಲ್ಲಿ ಇರುವೆಗಳ ಹಾಗೆ ಸಾಲುಗಟ್ಟಿದ ಸಣ್ಣಕ್ಷರಗಳಿಗೆ ಕಣ್ಣು ಹಚ್ಚಿ, ತುಟಿ ಅಲ್ಲಾಡಿಸುತ್ತ ಕೊನೆಯ ಚುಕ್ಕೆಯವರೆಗೆ ಓದಿ ಮುಗಿಸಿದ ಮೇಲೆಯೇ ಆ ವಸ್ತುವಿನೊಡನೆ ಅವಳ ಪರಿಚಯವಾಗುವುದು. ಅಲ್ಲಿಯವರೆಗೆ ಕೊಟ್ಟವರು ಕೈಚಾಚಿಕೊಂಡೇ ನಿಂತಿರಬೇಕು. "ಹಿಂದೇನ್ ಬರ್ದಾರ ನೋಡ್ತೇನಿ, ತಡೀರಿ" ಎಂಬುದು ಅವಳ ಬಾಯಿಂದ ದಿನಕ್ಕೆ ಇಪ್ಪತ್ತು ಸಲವಾದರೂ ಬರುವ ಮಾತು.

ಅಫಜಲಪುರದ ಕಾಲೇಜಿನಲ್ಲಿ ಎರಡು ವರ್ಷ ಅವಳಿಗೆ ಕನ್ನಡ ಕಲಿಸಿದ ನನಗೆ ಈ ಚಾಳಿಯ ಬಿಸಿ ಮೊದಲ ಕಿರುಪರೀಕ್ಷೆಯಲ್ಲೇ ತಟ್ಟಿತು. ಉಳಿದ ಮಕ್ಕಳೆಲ್ಲ ಉತ್ತರಪತ್ರಿಕೆಯ ಮುಖಪುಟದ ಅಂಕ ನೋಡಿ ಹಿಗ್ಗುವವರು ಹಿಗ್ಗಿ, ಕುಗ್ಗುವವರು ಕುಗ್ಗಿ ಕುಳಿತಿದ್ದರೆ, ಈಕೆ ಕಡೆಯ ಹಾಳೆಯಿಂದ ಹಿಂದುಮುಂದಾಗಿ ಪುಟ ತಿರುವುತ್ತ ಬಂದು, ಎದ್ದು ನಿಂತು, "ಸರ್, ನೀವು ಮೂರು ಅಂಕ ಹೆಚ್ಚು ಕೂಡಿಸೀರ್ರಿ" ಎಂದಳು. ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದೆ. ಅಂಕ ಹೆಚ್ಚಿಸಿರೆಂದು ಅತ್ತವರು, ಕಾಡಿದವರು, ಹಿರಿಯರನ್ನು ಕರೆತಂದವರು ಎಷ್ಟೋ ಮಂದಿ. ಇಳಿಸಿರೆಂದು ಎದ್ದು ನಿಂತವಳು ಇವಳೊಬ್ಬಳೇ. ನನಗೆ ಮೆಚ್ಚುಗೆಯಾಗಬೇಕಿತ್ತು. ನಿಜ ಹೇಳಬೇಕೆಂದರೆ, ನಲವತ್ತು ಮಕ್ಕಳ ಎದುರು ನನ್ನ ಕೂಡುವ ಲೆಕ್ಕ ತಪ್ಪಿದ್ದಕ್ಕೆ ಮೈ ಉರಿದುಹೋಯಿತು.

ನೋಡಲು ಎತ್ತರದ, ಸಪೂರ ಹುಡುಗಿ. ಪುಸ್ತಕದ ಚೀಲವನ್ನು ಯಾವಾಗಲೂ ಬಲ ಹೆಗಲಿಗೇ ಹಾಕಿ ಆ ಹೆಗಲು ಕೊಂಚ ತಗ್ಗಿದೆ. ಬಸ್ಸು ತಪ್ಪಿಹೋದೀತೆಂಬ ಅವಸರದಲ್ಲಿ ದಾಪುಗಾಲು ಹಾಕುತ್ತ ಬರುವವಳು, ದಾರಿಯಲ್ಲೊಂದು ಬೋರ್ಡು ಕಂಡರೆ ಗಕ್ಕನೆ ನಿಂತುಬಿಡುತ್ತಾಳೆ. ಹೀಗೆ ಕರೆಂಟಿನ ಡಬ್ಬಿಯ ಮೇಲೆ ಬರೆದ ಎಚ್ಚರಿಕೆಯನ್ನು ಓದುತ್ತ ನಿಂತು ಬಸ್ಸು ತಪ್ಪಿಸಿಕೊಂಡದ್ದೂ ಉಂಟು. "ನನಗ ಅನಸತದ" ಎಂದು ಅವಳು ಮಾತು ತೆಗೆದದ್ದನ್ನು ನಾನು ಕೇಳಿಲ್ಲ. "ಬರ್ದಾರ್ರಿ" ಎಂದೇ ಶುರು, "ಬೇಕಂದ್ರ ನೋಡ್ರಿ" ಎಂದೇ ಮುಗಿತಾಯ.

ಈ ಗುಣ ಎಲ್ಲರಿಗೂ ಹಿಡಿಸೀತೆಂದೇನಿಲ್ಲ. ಅವಳ ದೊಡ್ಡಪ್ಪನ ಮಗಳು ಭಾಗ್ಯಾಳಿಗೆ ಆಳಂದದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ನಡುವೆ ನಿಂತ ಹಿರಿಯರು ಗಂಡಿನ ಫೋಟೋವನ್ನು ಎಲೆಯಡಿಕೆಯ ತಟ್ಟೆಯಲ್ಲಿಟ್ಟು ಮನೆಮಂದಿಗೆಲ್ಲ ತೋರಿಸಿದರು. ಗಂಡು ಲಕ್ಷಣವಾಗಿದ್ದ, ತಲೆತುಂಬ ಕೂದಲು, ಮುಖತುಂಬ ಕಳೆ. ತಟ್ಟೆ ಜಯಮಾಲಾಳ ಮುಂದೆ ಬಂತು. ಅವಳು ಫೋಟೋ ಎತ್ತಿ, ರೂಢಿಯಂತೆ ತಿರುವಿದಳು. ಬೆನ್ನಿಗೆ ಸ್ಟುಡಿಯೋದವನು ಹೊಡೆದ ಮುದ್ರೆಯಿತ್ತು, ಮುದ್ರೆಯಲ್ಲಿ ತಾರೀಖಿತ್ತು. "ಒಂಬತ್ತು ವರ್ಷದ ಹಿಂದಿಂದು ಅಂತ ಬರ್ದಾರ್ರಿ" ಎಂದು ತುಂಬಿದ ಪಡಸಾಲೆಯಲ್ಲಿ ತಣ್ಣಗೆ ಓದಿ ಹೇಳಿದಳು. ಹಿರಿಯರು ಚಹಾದ ಕಪ್ಪನ್ನು ಕೆಳಗಿಟ್ಟರು. ಆ ಸಂಬಂಧ ಅಲ್ಲಿಗೇ ಮುರಿಯಿತು. ಭಾಗ್ಯಾ ಮಾತ್ರ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳಂತೆ.

ಇಂಥ ಮಗಳನ್ನು ಹೆತ್ತ ಬೀರಲಿಂಗಪ್ಪನ ಕಸುಬೇ ವಿಚಿತ್ರವಾದದ್ದು. ಐದೆಕರೆ ತೊಗರಿ, ಜೋಳದ ಹೊಲವಿದ್ದರೂ ಸುತ್ತಲ ಹತ್ತೂರಿಗೆ ಅವನು ಗೊತ್ತಿರುವುದು ಹರಾಜು ಕೂಗುವವನೆಂದು. ಅದಕ್ಕೆ ನಮ್ಮ ಕಡೆ ಸವಾಲು ಎನ್ನುತ್ತಾರೆ. ಗುಡಿಯ ಹುಣಸೆಮರದ ಫಸಲು, ಕೆರೆಯ ಮೀನು, ಶಾಲೆಯ ಹಳೆಯ ತೊಲೆ, ದರ್ಗಾಕ್ಕೆ ಬಂದ ಹರಕೆಯ ಹುಂಜ, ಇವೆಲ್ಲ ಬೀರಲಿಂಗಪ್ಪನ ಗಂಟಲಿನಿಂದ ಹಾಯ್ದೇ ಹೊಸ ಧಣಿಯ ಕೈ ಸೇರಬೇಕು. ಸವಾಲಿನ ದಿನ ಅವನು ಬಿರುಬಿಸಿಲಿನಲ್ಲೂ ಒಂದು ಕರಿಕೋಟು ತೊಡುತ್ತಾನೆ. ಯಾವುದೋ ಕಾಲದಲ್ಲಿ ವಕೀಲರೊಬ್ಬರ ಮನೆಯ ಸಾಮಾನು ಹರಾಜಾದಾಗ ಯಾರೂ ಕೂಗದೆ ಉಳಿದ ಕೋಟದು. ತೋಳು ಗೇಣುದ್ದ ಹೆಚ್ಚಾಗಿ ಬೆರಳ ತುದಿಯನ್ನು ಮುಚ್ಚುತ್ತದೆ. ಅದರ ಗುಂಡಿ ಹಾಕಿಕೊಂಡು, "ಒಂದ್ ಸಲಾ... ಎರಡ್ ಸಲಾ..." ಎಂದು ಅವನು ರಾಗ ಎಳೆದನೆಂದರೆ, ನಿರ್ಧಾರವಾಗದೆ ಒದ್ದಾಡುತ್ತಿದ್ದವನೂ ಕೈಯೆತ್ತಿಬಿಡುತ್ತಾನೆ. ಮೂರನೆಯ ಸಲದ ಜೊತೆಗೆ ಅಂಗೈ ಹಲಗೆಗೆ ಬಡಿಯಿತೋ, ಮುಗಿಯಿತು, ಆಮೇಲೆ ಯಾರು ಬಂದು ಏನು ಹೇಳಿದರೂ ಮಾತು ಹಿಂದಕ್ಕೆ ಹೋಗುವುದಿಲ್ಲ.

ಜಯಮಾಲಾ ಔಷಧಶಾಸ್ತ್ರಕ್ಕೆ ಮನಸೋತದ್ದು ಅವಳ ಆಯಿ, ಅಂದರೆ ಬೀರಲಿಂಗಪ್ಪನ ತಾಯಿ ನಿಂಬೆವ್ವನ ದೆಸೆಯಿಂದ. ಮುದುಕಿಗೆ ರಕ್ತದೊತ್ತಡ. ಅಫಜಲಪುರದ ಒಬ್ಬ ವೈದ್ಯರು ಬರೆದುಕೊಟ್ಟ ಗುಳಿಗೆ ನಡೆದಿತ್ತು. ಜೇವರ್ಗಿಯ ಕಡೆ ಕೊಟ್ಟ ಮಗಳ ಮನೆಗೆ ಹೋದಾಗ, ಅಲ್ಲಿ ಇನ್ನೊಬ್ಬ ವೈದ್ಯರಿಗೆ ತೋರಿಸಿ, ಹಿಂದಿನ ಗುಳಿಗೆಯ ಸುದ್ದಿಯನ್ನೇ ಎತ್ತದೆ, ಮತ್ತೊಂದು ಗುಳಿಗೆ ಬರೆಸಿಕೊಂಡು ಬಂತು. ಒಂದು ಬಿಳಿದು, ಒಂದು ಗುಲಾಬಿ. ಎರಡೂ ದೊಡ್ಡ ಡಾಕ್ಟರರು ಕೊಟ್ಟದ್ದು, ಯಾವುದನ್ನು ಬಿಟ್ಟರೂ ಒಬ್ಬರಿಗೆ ಅಪಮಾನವೆಂದು ಎರಡನ್ನೂ ಭಕ್ತಿಯಿಂದ ನುಂಗಿತು. ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆ ಬಂದು ಹೊಸ್ತಿಲ ಮೇಲೆ ಕುಸಿಯಿತು. ಮನೆಮಂದಿ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹುಡುಕುತ್ತಿದ್ದಾಗ ಹತ್ತನೆಯ ತರಗತಿಯ ಜಯಮಾಲಾ ಎರಡೂ ಗುಳಿಗೆಪಟ್ಟಿಗಳನ್ನು ತಿರುವಿ ಹಿಡಿದು ಕೂತಳು. ದಪ್ಪಕ್ಷರದ ಹೆಸರು ಬೇರೆಬೇರೆ; ಅದರಡಿ ಸಣ್ಣಕ್ಷರದಲ್ಲಿದ್ದ ಮದ್ದಿನ ಹೆಸರು ಒಂದೇ. ಆಯಿ ಒಂದೇ ಔಷಧವನ್ನು ದಿನಕ್ಕೆ ಎರಡು ಸಲ ನುಂಗುತ್ತಿತ್ತು.

ಪಟ್ಟಿಗಳನ್ನು ಮುಷ್ಟಿಯಲ್ಲಿ ಹಿಡಿದು ಅವಳು ಚೌಡಾಪುರದ ಚಮನಸಾಬರ ಔಷಧದಂಗಡಿಗೆ ಓಡಿದಳು. ದಾರ ಕಟ್ಟಿದ ಕನ್ನಡಕದ, ಎಪ್ಪತ್ತರ ಅಂಚಿನ ಚಮನಸಾಬರು ಎರಡನ್ನೂ ನೋಡಿ, ವೈದ್ಯರಿಗೆ ಅಲ್ಲಿಂದಲೇ ಫೋನು ಹಚ್ಚಿ ಮಾತಾಡಿ, ಗುಲಾಬಿ ಪಟ್ಟಿಯನ್ನು ತಮ್ಮ ಗಲ್ಲೆಯೊಳಗೆ ಹಾಕಿಕೊಂಡರು. "ಬೇಟಾ, ಇವತ್ತ ನಿಮ್ಮ ಆಯಿಗಿ ಉಳಿಸಿದಾಕಿ ನೀನು" ಎಂದರು. ಮನೆಗೆ ಬಂದ ಹುಡುಗಿ ಆಯಿಯ ಮಂಚದ ಪಕ್ಕ ಕೂತು ಪಟ್ಟಿಯ ಮೇಲಿನ ಅಕ್ಷರಗಳನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಅಂದಿನಿಂದ ನಿಂಬೆವ್ವ ಮೊಮ್ಮಗಳು ಓದಿ ಹೇಳದ ಗುಳಿಗೆಯನ್ನು ಬಾಯಿಗೆ ಹಾಕಿದ್ದಿಲ್ಲ.

ಪಿಯುಸಿ ಮುಗಿದು ಸಿಇಟಿ ಬರೆದ ಮೇಲೆ ಎಲ್ಲರ ಮನೆಯಲ್ಲೂ ನಡೆಯುವ ಜಾತ್ರೆ ಅವಳ ಮನೆಯಲ್ಲೂ ನಡೆಯಿತು. ತಾಯಿಗೆ ಮಗಳು ನರ್ಸ್ ಆಗಲೆಂಬ ಆಸೆ, ಕೆಲಸ ಲಗೂನೆ ಸಿಗುತ್ತದೆಂದು. ದೊಡ್ಡಪ್ಪನಿಗೆ ಎಂಜಿನಿಯರಿಂಗ್, ಯಾಕೆಂದು ಅವನಿಗೂ ಗೊತ್ತಿಲ್ಲ. ಹುಡುಗಿ ಯಾರಿಗೂ ಎದುರಾಡಲಿಲ್ಲ. ಪ್ರತಿಯೊಂದು ಓದಿನ ಹಿಂಬದಿಯನ್ನೂ ತಿರುವಿ ನೋಡಲು ಹೊರಟಳು. ಸರಕಾರಿ ದವಾಖಾನೆಯಲ್ಲಿ ಪರಿಚಯದ ನರ್ಸಮ್ಮನ ಜೊತೆ ಒಂದು ಹಗಲು ಕಳೆದಳು. ಸೂಜಿ ಚುಚ್ಚಿಸಿಕೊಂಡ ಕೂಸುಗಳ ಜೊತೆ ತಾನೂ ಕಣ್ಣೀರು ಹಾಕಿ, ಆ ನರ್ಸಮ್ಮನಿಂದಲೇ "ನಿನಗ ಇದು ಆಗೂದಿಲ್ಲವ್ವಾ, ಮನೀಗಿ ನಡಿ" ಎನ್ನಿಸಿಕೊಂಡು ಬಂದಳು. ಆಮೇಲೆ ಇಪ್ಪತ್ತು ದಿನ ಚಮನಸಾಬರ ಅಂಗಡಿಯಲ್ಲಿ ಧೂಳು ಒರೆಸಿದಳು. ಒರೆಸುತ್ತ ಒರೆಸುತ್ತ, ಮುದ್ದತು ಬೇಗ ಮುಗಿಯುವ ಪಟ್ಟಿಗಳು ಮುಂದೆ, ತಡವಾಗಿ ಮುಗಿಯುವವು ಹಿಂದೆ ಬರುವಂತೆ ಇಡೀ ಅಂಗಡಿಯನ್ನೇ ಹೊಸದಾಗಿ ಜೋಡಿಸಿಟ್ಟಳು. ಚಮನಸಾಬರಿಗೆ ಎರಡು ದಿನ ತಮ್ಮ ಅಂಗಡಿಯಲ್ಲಿ ತಮಗೇ ತಲೆನೋವಿನ ಗುಳಿಗೆ ಸಿಗಲಿಲ್ಲ.

"ಡಿ.ಫಾರ್ಮ ಮಾಡ್ಲ್ಯಾ, ಬಿ.ಫಾರ್ಮ ಮಾಡ್ಲ್ಯಾ, ಕಾಕಾ?" ಎಂದು ಅವಳು ಕೇಳಿದಾಗ ಅವರು ಕನ್ನಡಕ ತೆಗೆದಿಟ್ಟು ಯೋಚಿಸಿ ಹೇಳಿದ ಮಾತು ನನಗೆ ಬಹಳ ಹಿಡಿಸಿತು. "ನಾ ಎರಡು ವರ್ಷದ ಡಿ.ಫಾರ್ಮ ಮಾಡ್ದಾವ. ಅಂಗಡಿ ಹಾಕ್ದೆ, ಹೊಟ್ಟಿ ತುಂಬ್ತು, ಅಲ್ಲಾ ಚಲೋ ಇಟ್ಟಾನ. ಪಟ್ಟಿಮ್ಯಾಲ ಬರ್ದಿದ್ದು ಓದಾಕ ನನಗ ಬರ್ತದ ಬೇಟಾ. ಹಂಗ ಯಾಕ ಬರ್ದಾರ ಅಂತ ಕೇಳಿದ್ರ, ನನಗ ಗೊತ್ತಿಲ್ಲ. ಅದು ಗೊತ್ತಾಗಬೇಕಂದ್ರ ನಾಕು ವರ್ಷ ಓದು." ಜಯಮಾಲಾಳ ಮನಸ್ಸು ಅಂದೇ ಕಲಬುರಗಿಯ ಬಿ.ಫಾರ್ಮಕ್ಕೆ ಅಂಟಿಕೊಂಡಿತು.

ಬೀರಲಿಂಗಪ್ಪ ಮಾತ್ರ ಕೃಷಿ ಪದವಿಯೆಂದು ಪಟ್ಟು ಹಿಡಿದು ಕೂತಿದ್ದ. ಅವನ ಹಟಕ್ಕೂ ಒಂದು ನ್ಯಾಯವಿತ್ತು. ಬೀಜಕ್ಕೆಂದು, ಗೊಬ್ಬರಕ್ಕೆಂದು ಕೃಷಿ ಕಚೇರಿಯ ಮುಂದೆ ಅವನು ನಿಂತ ಸಾಲುಗಳಿಗೆ ಲೆಕ್ಕವಿಲ್ಲ. ಊರೂರಿನಲ್ಲಿ ಅವನ ದನಿಗೆ ಜನ ಕಿವಿಗೊಟ್ಟರೂ ಅಲ್ಲಿಯ ಅಧಿಕಾರಿಯ ಮೇಜಿನ ಮುಂದೆ ಅವನ ಗಂಟಲಿನಿಂದ ಸ್ವರ ಹೊರಡುತ್ತಿರಲಿಲ್ಲ. "ಆ ಕುರ್ಚಿಮ್ಯಾಲ ನನ್ನ ಮಗಳು ಕುಂತಿದ್ದು ನೋಡಬೇಕ್ರಿ ಮಾಸ್ತರ್ರ, ಅಷ್ಟೇ" ಎಂದು ನನ್ನೆದುರು ಹೇಳಿಕೊಂಡಾಗ ಅವನ ಕಣ್ಣು ತೇವವಾಗಿತ್ತು. ಅಪ್ಪನ ಮಾತಿಗೆ ಬೆಲೆ ಕೊಟ್ಟು ಮಗಳು ರೈತಮಕ್ಕಳ ಪಾಲಿನ ಕೃಷಿ ಸೀಟಿಗೆಂದು ನಡೆಸುವ ಪ್ರಾಯೋಗಿಕ ಪರೀಕ್ಷೆಗೂ ಹೋದಳು. ಬೀಜ ಗುರುತಿಸಿದಳು, ಕೂರಿಗೆಯ ಭಾಗಗಳ ಹೆಸರು ಹೇಳಿದಳು. ಕೊನೆಗೆ ಪರೀಕ್ಷಕರು ಒಂದು ಕೀಟನಾಶಕದ ಬಾಟಲಿ ಕೊಟ್ಟು, ಇದು ಏನು ಎಂದು ಕೇಳಿದರು. ಅವಳು ತಿರುವಿದಳು. "ಕಾಯಿಕೊರಕಕ್ಕ ಹೊಡಿಯೋ ಎಣ್ಣಿ ಅದರಿ. ಹಳದಿ ಗುರುತು ಹಾಕ್ಯಾರ, ಅಂದ್ರ ಕಡಕ್ ವಿಷ. ಮತ್ತ ಸರ್, ಇದರ ಮುದ್ದತು ಮುಗಿದು ಎರಡು ವರ್ಷ ಆಗ್ಯಾದ್ರಿ." ಪರೀಕ್ಷಕರು ಬಾಟಲಿಯನ್ನು ಕಸಿದುಕೊಂಡು ತಾವೂ ತಿರುವಿ ನೋಡಿದರು, ಆಮೇಲೆ ಬಿದ್ದುಬಿದ್ದು ನಕ್ಕು ಪೂರ್ತಿ ಅಂಕ ಹಾಕಿದರಂತೆ. ಈ ನಗೆಯೇ ಅವಳಿಗೆ ಮುಳುವಾಯಿತು. ಕೃಷಿಯಲ್ಲಿ ಎಂಥ ರ್‍ಯಾಂಕು ಬಂತೆಂದರೆ, ಕೇಳಿದ ಕಾಲೇಜು ಸಿಗುವುದು ಖಾತ್ರಿ. ಫಾರ್ಮಸಿಯ ರ್‍ಯಾಂಕೂ ಚೆನ್ನಾಗಿತ್ತು.

ಹದಿನೈದು ದಿನ ಅಪ್ಪ ಮಗಳು ಒಬ್ಬರೊಡನೊಬ್ಬರು ಮಾತು ಬಿಟ್ಟರು. ಒಂದೇ ಪಡಸಾಲೆಯಲ್ಲಿ ಕೂತು, ನಡುವೆ ನಿಂಬೆವ್ವನನ್ನು ಇಟ್ಟುಕೊಂಡು ವ್ಯವಹಾರ ನಡೆಸಿದರು. "ನಿನ್ನ ಮೊಮ್ಮಗಳಿಗಿ ಹೇಳವ್ವಾ, ಒಕ್ಕಲಿಗರ ಮನಿ ಹುಡುಗಿಗಿ ಒಕ್ಕಲತನದ ವಿದ್ಯಾ ಚಲೋ ಅಂತ." "ನಿನ್ನ ಮಗಗ ಹೇಳಾಯಿ, ಎಣ್ಣಿ ತಪ್ಪಿ ಹೊಡದ್ರ ಒಂದ್ ವರ್ಷದ ತೊಗರಿ ಹೋಗ್ತದ, ಗುಳಿಗಿ ತಪ್ಪಿ ಕೊಟ್ರ ಮನಷಾನೇ ಹೋಗ್ತಾನ ಅಂತ." ಮುದುಕಿ ಎರಡು ದಿನ ಆ ಕಡೆಯ ಮಾತು ಈ ಕಡೆಗೆ ಸಾಗಿಸಿ, ಮೂರನೆಯ ದಿನ "ನಿಮ್ಮಿಬ್ಬರ ಬಾಯಿ ಏನ್ ಬಿದ್ದಾವೇನ್ ಬೇ?" ಎಂದು ಇಬ್ಬರನ್ನೂ ಬೈದು ಮುಸುಕೆಳೆದು ಮಲಗಿತು.

ಕಾಲೇಜುಗಳ ಆಯ್ಕೆಪಟ್ಟಿ ತುಂಬುವ ಕೊನೆಯ ದಿನ ಬಂತು. ಯಾವ ಕೋರ್ಸು, ಯಾವ ಕಾಲೇಜು ಎಂದು ಒಂದರ ಕೆಳಗೊಂದು ಬರೆದು ಕಂಪ್ಯೂಟರಿನಲ್ಲಿ ಕಳಿಸಬೇಕು. ಕಳಿಸಿದ ಮೇಲೆ ಅದೇ ಹಣೆಬರಹ. ಓದಿದವರೊಬ್ಬರು ಜೋಡಿ ಇರಲೆಂದು ಬೀರಲಿಂಗಪ್ಪ ನನ್ನನ್ನೂ ಅಫಜಲಪುರದ ನೆಟ್ ಸೆಂಟರಿಗೆ ಕರೆದೊಯ್ದ. ಅಂಗಡಿ ನಡೆಸುವ ಮಿನಾಜ ನನ್ನ ಹಳೆಯ ವಿದ್ಯಾರ್ಥಿನಿ. ಜಯಮಾಲಾ ಅವಳ ಪಕ್ಕದಲ್ಲಿ, ಸೂಚನೆಯ ಹಾಳೆಯೊಂದನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಹಿಡಿದು ಕೂತಿದ್ದಳು. ಬೀರಲಿಂಗಪ್ಪ ಕರಿಕೋಟು ತೊಟ್ಟೇ ಬಂದಿದ್ದ, ಮುಖದಲ್ಲಿ ರಾಜಿಯಾದವನ ಉದಾರತೆಯಿತ್ತು.

"ಮಿನಾಜವ್ವಾ, ಮೊದಲಿಗಿ ಆಕಿ ಹೇಳೋ ಫಾರ್ಮಸಿ ಕಾಲೇಜಗೋಳೇ ಬರಿ. ಮಗಳ ಮನಸ್ಸು ಯಾಕ ನೋಯಿಸೂದು? ಕಡೀಕ ನಾ ಹೇಳೋ ಕೃಷಿ ಕಾಲೇಜ ಬರಿ." ಆಮೇಲೆ ನನ್ನ ಕಡೆ ಬಗ್ಗಿ, ಮಗಳಿಗೆ ಕೇಳಿಸದಂತೆ ಪಿಸುಗುಟ್ಟುತ್ತೇನೆಂದುಕೊಂಡು, ಹತ್ತೂರಿಗೆ ಕೇಳಿಸುವ ಆ ಗಂಟಲಿನಲ್ಲಿ ಹೇಳಿದ: "ಮಾಸ್ತರ್ರ, ಸವಾಲಿನ್ಯಾಗ ಮೊದಲ ಕೂಗಿದ್ದು ಯಾವಾಗರ ನಿಂತದೇನ್ರಿ? ಕಡೀಕ ಕೂಗಿದ್ದೇ ನಿಲ್ಲತದ!"

ಅಯ್ಯೋ ದೇವರೇ ಎಂದುಕೊಂಡೆ. ಮೂವತ್ತು ವರ್ಷ ಸವಾಲು ಕೂಗಿದ ಮನುಷ್ಯ ಸರಕಾರದ ಸೀಟು ಹಂಚಿಕೆಯನ್ನೂ ಹುಣಸೆಮರದ ಹರಾಜೆಂದೇ ತಿಳಿದಿದ್ದ. ಅಲ್ಲಿಯ ನಿಯಮ ಇದಕ್ಕೆ ಪೂರ್ತಿ ತಿರುಗಾಮುರುಗಾ: ಪಟ್ಟಿಯಲ್ಲಿ ಮೇಲಿರುವುದಕ್ಕೇ ಮೊದಲ ಆದ್ಯತೆ, ಅದು ಸಿಕ್ಕಿತೆಂದರೆ ಕೆಳಗಿನದನ್ನು ಯಾರೂ ನೋಡುವುದೇ ಇಲ್ಲ. ಅವನು ಮಗಳನ್ನು ಸಮಾಧಾನಪಡಿಸಲೆಂದು ಬಿಟ್ಟುಕೊಟ್ಟ ಜಾಗವೇ ಗೆಲ್ಲುವ ಜಾಗವಾಗಿತ್ತು. ನನಗೆ ಅದು ಗೊತ್ತಿತ್ತು. ಮಿನಾಜಳಿಗೂ ಗೊತ್ತಿತ್ತು, ಅವಳ ಬೆರಳು ಒಂದು ಕ್ಷಣ ತಡೆಯಿತು, ಕಣ್ಣು ನನ್ನತ್ತ ಹೊರಳಿತು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ. ಹುಡುಗಿಗೆ ಒಳ್ಳೆಯದಾಗುತ್ತದೆ, ನಾನೇಕೆ ನಡುವೆ ಬಾಯಿ ಹಾಕಲಿ ಎಂದು ನನ್ನ ಮನಸ್ಸು ನನಗೇ ವಕೀಲಿಕೆ ಮಾಡಿತು. ಮಿನಾಜ ಹೇಳಿದ ಕ್ರಮದಲ್ಲೇ ಎಲ್ಲ ಬರೆದು ಮುಗಿಸಿದಳು. ಇನ್ನು ಒಂದು ಗುಂಡಿ ಒತ್ತುವುದಷ್ಟೇ ಬಾಕಿ.

"ತಡೀ ಮಿನಾಜಕ್ಕಾ" ಎಂದಳು ಜಯಮಾಲಾ.

ಅಂಗೈಯ ಹಾಳೆಯನ್ನು ಬಿಡಿಸಿದಳು. ಅದರ ಹಿಂಬದಿ ತಿರುವಿದಳು. ಹದಿನೈದು ದಿನಗಳ ಮೇಲೆ ಮೊದಲ ಬಾರಿಗೆ ತಂದೆಯ ಮುಖ ನೋಡಿ ಮಾತಾಡಿದಳು. "ಅಪ್ಪಾ, ಹಿಂದೇನ್ ಬರ್ದಾರ ಓದ್ತೇನಿ, ಕೇಳು." ಓದಿದಳು. ಅವನಿಗೆ ಅರ್ಥವಾಗಲಿಲ್ಲವೆಂದು ಬಿಡಿಸಿಯೂ ಹೇಳಿದಳು. "ಇದು ಸವಾಲಿನಂಗ ಇಲ್ಲಪಾ. ಇಲ್ಲಿ ಮ್ಯಾಲ ಬರ್ದಿದ್ದೇ ನಿಲ್ಲತದ. ಹಿಂಗೇ ಒತ್ತಿದ್ರ ನನಗ ಫಾರ್ಮಸಿನೇ ಬರ್ತದ. ನಿನಗ ಕೃಷಿ ಬೇಕಂದ್ರ ಅದು ಮ್ಯಾಲ ಹೋಗಬೇಕು." ಓದಿದ ಸಾಲಿನ ಮೇಲೆ ಬೆರಳಿಟ್ಟು ಹಾಳೆಯನ್ನು ಅವನ ಮುಂದೆ ಚಾಚಿದಳು.

ಬೀರಲಿಂಗಪ್ಪ ಅದನ್ನು ಇಸಿದುಕೊಂಡು ತಾನೂ ಹಿಂದುಮುಂದು ತಿರುವಿ ನೋಡಿದ. ಆಮೇಲೆ, "ಇದು ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದ.

"ನಿನ್ನಿ ಮುಂಜಾನೆ."

"ಮತ್ತ ಸುಮ್ಮ ಕುಂತಿದ್ರ ನಿನಗ ಬೇಕಾಗಿದ್ದು ಸಿಗತಿತ್ತಲ್ಲ ಬೇ. ಬಾಯಿ ಯಾಕ ಬಿಟ್ಟಿ?"

"ಆಯಿಗಿ ಗುಳಿಗಿ ಓದಿ ಹೇಳ್ದಾಕಿ, ನಿನಗ ಇದು ಓದಿ ಹೇಳ್ದಿದ್ರ ಹ್ಯಾಂಗಪಾ?" ಎಂದಳು. ಅಷ್ಟರಲ್ಲಿ ಅವಳಿಗೆ ಅಳು ತಡೆಯಲಾಗಲಿಲ್ಲ.

ಬೀರಲಿಂಗಪ್ಪ ನನ್ನತ್ತ ತಿರುಗಿದ. "ಮಾಸ್ತರ್ರ, ನಿಮಗ ಗೊತ್ತಿತ್ತೇನ್ರಿ?" ಸುಳ್ಳು ಹೇಳುವ ವಯಸ್ಸು ನನ್ನದಲ್ಲ, ಗೊತ್ತಿತ್ತು ಎಂದೆ. "ನಿನಗವ್ವಾ?" ಮಿನಾಜ ಕೀಲಿಮಣೆಯ ಮೇಲೆ ಇಲ್ಲದ ಧೂಳನ್ನು ಒರೆಸಿದಳು. ಅವನು ಗಟ್ಟಿಯಾಗಿ ಉಸಿರು ಬಿಟ್ಟ. "ನಾಕು ಮಂದ್ಯಾಗ ಮೂರು ಮಂದಿಗಿ ಗೊತ್ತು. ಹೇಳಿದಾಕಿ ಒಬ್ಬಾಕಿ, ಅದೂ ಹೇಳಿದ್ರ ತನಗೇ ಲುಕ್ಸಾನ ಇರಾಕಿ. ಮೂವತ್ತು ವರ್ಷ ಸವಾಲ ಕೂಗೇನ್ರಿ ಮಾಸ್ತರ್ರ. ತನ್ನ ಮಾಲಿನ ಹುಳುಕ ತಾನೇ ಹೇಳಿ ಮಾರಿದವನ್ನ ಇನ್ನಾ ನೋಡಿಲ್ಲ."

ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹಿಂದೊಮ್ಮೆ ಮೂರು ಅಂಕ ಇಳಿಸಿಕೊಂಡ ಹುಡುಗಿಯ ಮೇಲೆ ನಾನು ಸಿಟ್ಟಾಗಿದ್ದು ನೆನಪಾಗಿ, ಆ ಸಿಟ್ಟಿಗೆ ಈಗ ನಾಚಿಕೆಯಾಯಿತು.

ಬೀರಲಿಂಗಪ್ಪ ಎದ್ದು ನಿಂತ. ಕೋಟಿನ ತೋಳನ್ನು ಮೇಲಕ್ಕೆ ಸರಿಸಿ, ಗುಂಡಿ ಹಾಕಿಕೊಂಡ. ಆ ಇಕ್ಕಟ್ಟಿನ ಅಂಗಡಿಯಲ್ಲಿ, ಝೆರಾಕ್ಸಿಗೆಂದು ಬಂದವರೆಲ್ಲ ಬೆಚ್ಚಿ ನೋಡುವ ಹಾಗೆ ದನಿ ತೆಗೆದ: "ಫಾರ್ಮಸೀ... ಒಂದ್ ಸಲಾ... ಎರಡ್ ಸಲಾ..." ಮಗಳ ಕಡೆ ನೋಡಿದ. ಅವಳು ಅಳುತ್ತಲೇ ನಗುತ್ತಿದ್ದಳು. "ಮೂರ್ ಸಲಾ!" ಅಂಗೈ ಮೇಜಿಗೆ ಬಡಿಯಿತು, ಮಿನಾಜಳ ಚಹಾದ ಲೋಟ ಉರುಳಿತು. "ಹೆಂಗದ ಹಂಗೇ ಒತ್ತವ್ವಾ. ಇಂಥಾಕಿ ಗುಳಿಗಿ ಕೊಡೋ ಜಾಗದಾಗೇ ಇರಬೇಕು. ಆ ಕುರ್ಚಿಮ್ಯಾಲ ಯಾರರ ಕುಂದರ್ಲಿ." ಅವನ ಕಣ್ಣೂ ಒದ್ದೆಯಾಗಿತ್ತು, ಉದ್ದ ತೋಳಿನಿಂದಲೇ ಒರೆಸಿಕೊಂಡ.

ಸೀಟು ಮೊದಲ ಸುತ್ತಿನಲ್ಲೇ ಬಂತು. ಈಗ ಅವಳು ಕಲಬುರಗಿಯಲ್ಲಿ ಬಿ.ಫಾರ್ಮ ಎರಡನೆಯ ವರ್ಷದಲ್ಲಿದ್ದಾಳೆ. ರಜೆಗೆ ಬಂದಾಗ ಚಮನಸಾಬರಿಗೆ ಪಟ್ಟಿಯ ಮೇಲೆ ಹಾಗೆ ಯಾಕೆ ಬರೆದಿದ್ದಾರೆಂಬುದನ್ನು ವಿವರಿಸುತ್ತಾಳಂತೆ. ಅವರು ಕನ್ನಡಕ ತೆಗೆದಿಟ್ಟು ಕೇಳುತ್ತಾರಂತೆ. ಮೊಮ್ಮಗಳು ಡಾಕ್ಟರಿಕೆ ಓದಾಕತ್ತಾಳೇನೆಂದು ಓಣಿಯ ಹೆಂಗಸರು ಕೇಳಿದರೆ ನಿಂಬೆವ್ವ ಗತ್ತಿನಿಂದ ಹೇಳುತ್ತದೆ: "ಡಾಕ್ಟರ್ ಬರ್ದಿದ್ದು ಬರೋಬರಿ ಅದನೋ ಇಲ್ಲೋ ನೋಡೋದು ಓದಾಕತ್ತಾಳ ಬೇ."

ಮುಂಬದಿಯ ದಪ್ಪಕ್ಷರಗಳನ್ನು ಓದಿ ಬದುಕುವವರೇ ಲೋಕದಲ್ಲಿ ಹೆಚ್ಚು. ತಿರುವಿ ಓದುವ ಜಾಣರೂ ಇದ್ದಾರೆ, ಆದರೆ ಓದಿದ್ದನ್ನು ತಮಗೆ ಲಾಭವಾಗುವಷ್ಟು ಮಾತ್ರ ಹೇಳಿ ಉಳಿದದ್ದಕ್ಕೆ ಕ್ಯಾಲೆಂಡರ್ ನೋಡುತ್ತ ನಿಲ್ಲುವ ವಿದ್ಯೆಯೂ ಆ ಜಾಣರಿಗೆ ಕರಗತವಾಗಿರುತ್ತದೆ, ನಾನೂ ಅವರಲ್ಲೊಬ್ಬ. ಮೂರನೆಯ ಬಗೆಯ ಜನ ತೀರ ಕೆಲವರು. ಸಣ್ಣಕ್ಷರದಲ್ಲಿರುವುದು ತಮಗೇ ಮುಳುವಾಗುವಂಥದ್ದಾದರೂ, ಎದುರಿಗಿದ್ದವನಿಗೆ ತಿಳಿಯುವ ಮಾತಿನಲ್ಲಿ ಅದನ್ನು ಓದಿ ಹೇಳುವವರು ಅವರು. ಅವರ ಜೊತೆ ಒಂದೇ ಮನೆಯಲ್ಲಿ ಬಾಳುವುದು ಸುಲಭವಲ್ಲ, ಅವರ ಮಾಸ್ತರನಾಗಿರುವುದಂತೂ ಇನ್ನೂ ಕಷ್ಟ. ಆದರೆ ಅಂಥವರೊಬ್ಬರು ಔಷಧದಂಗಡಿಯ ಆ ಕಡೆ ನಿಂತಿದ್ದಾರೆಂದರೆ, ಈ ಕಡೆ ನಿಂತ, ಒಂದಕ್ಷರವೂ ಬಾರದ ಮುದುಕಿ ಕಣ್ಣು ಮುಚ್ಚಿ ಗುಳಿಗೆ ನುಂಗಬಹುದು.